ದುಡ್ಡು ನಮ್ಮದು, ನುಡಿ ನಮ್ಮದು. ಬೀಗದ ಕೈ ಯಾರದು?

ಗೌರಿಬಿದನೂರಿನಲ್ಲಿ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಬರುವ ತರುಣರೇ, ಚಿಕ್ಕಬಳ್ಳಾಪುರದ ಬಸ್‌ಸ್ಟ್ಯಾಂಡಿನಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ನಿಲ್ಲುವ ಗೆಳೆಯರೇ, ನಿಮಗೊಂದು ನೇರ ಪ್ರಶ್ನೆ. ನೀವು ದುಡ್ಡು ಕೊಟ್ಟು ಕೊಂಡ ಆಡಿಯೋ ಪುಸ್ತಕ ನಿಮ್ಮದೇ?

‘ನನ್ನದೇ, ಇನ್ಯಾರದು?’ ಅನ್ನುತ್ತೀರಿ. ಹಾಗಾದರೆ ಅದನ್ನು ಒಂದು ಪೆನ್‌ಡ್ರೈವಿಗೆ ಹಾಕಿ, ನಿಮ್ಮದೇ ಕಾರಿನ ಸ್ಟೀರಿಯೋಗೆ ಚುಚ್ಚಿ ನೋಡಿ. ನಿಮ್ಮದೇ ಮನೆಯಲ್ಲಿ ಬಿದ್ದಿರುವ ಹಳೆಯ ಎಂಪಿ3 ಪ್ಲೇಯರಿಗೆ ತುಂಬಿಸಿ ನೋಡಿ. ಬಾಯಿ ಬಿಡುವುದಿಲ್ಲ! ಫೈಲು ನಿಮ್ಮ ಫೋನಿನ ಹೊಟ್ಟೆಯಲ್ಲೇ ಇದೆ, ಜಾಗ ತಿನ್ನುತ್ತಿರುವುದು ನಿಮ್ಮದೇ ಮೆಮೊರಿ, ದುಡ್ಡು ಹೋಗಿರುವುದು ನಿಮ್ಮದೇ ಖಾತೆಯಿಂದ. ಆದರೆ ಮಾರಿದವನ ಆ್ಯಪ್ ಅಪ್ಪಣೆ ಕೊಡದ ಹೊರತು ಅದು ಒಂದಕ್ಷರ ಆಡುವುದಿಲ್ಲ. ಪುಸ್ತಕ ನಿಮ್ಮದಂತೆ, ಬೀಗದ ಕೈ ಮಾತ್ರ ಅವನ ಸೊಂಟದಲ್ಲಂತೆ. ಇದು ಯಾವ ಸೀಮೆಯ ವ್ಯಾಪಾರ ಸ್ವಾಮಿ?

ಚಿಂತಾಮಣಿಯ ಮಂಡಿಯಲ್ಲಿ ಟೊಮ್ಯಾಟೊ ಕೊಂಡವನಿಗೆ ‘ಇದನ್ನು ಸಾರು ಮಾತ್ರ ಮಾಡಬೇಕು, ಗೊಜ್ಜು ಮಾಡಕೂಡದು, ಅದೂ ನಾನು ಕೊಟ್ಟ ಪಾತ್ರೆಯಲ್ಲೇ ಮಾಡಬೇಕು’ ಎಂದು ಮಂಡಿಯವನು ಹೇಳಿದರೆ ಏನಾಗುತ್ತದೆ? ಕ್ರೇಟು ಅವನ ಅಂಗಡಿ ಮುಂದೆಯೇ ಚೆಲ್ಲುತ್ತದೆ. ಅದೇ ಮಾತನ್ನು ಇಂಗ್ಲಿಷಿನಲ್ಲಿ, ಚಿಕ್ಕ ಅಕ್ಷರದಲ್ಲಿ, ನಲವತ್ತು ಪುಟ ಬರೆದು ಕೆಳಗೆ ‘ಒಪ್ಪಿದ್ದೇನೆ’ ಎಂಬ ಗುಂಡಿ ಇಟ್ಟರೆ ನಾವು ಒತ್ತಿ ಕೈ ತೊಳೆದುಕೊಳ್ಳುತ್ತೇವೆ.

ಡಬ್ಬಿ ಬೇರೆ, ಧ್ವನಿ ಬೇರೆ, ಬೀಗ ಬೇರೆ

ಇದೇನು ಮಾಯಮಂತ್ರವಲ್ಲ. ಲೋಕದ ಅತಿ ದೊಡ್ಡ ಆಡಿಯೋ ಪುಸ್ತಕದಂಗಡಿ ಆಡಿಬಲ್. 1995ರಲ್ಲಿ ಅಮೆರಿಕದಲ್ಲಿ ಹುಟ್ಟಿತು, 2008ರಲ್ಲಿ ಅಮೆಜಾನ್ ಅದನ್ನು ಕೊಂಡಿತು, 2018ರ ನವೆಂಬರಿನಲ್ಲಿ ಭಾರತಕ್ಕೆ ಬಂತು. ಅದರ ಫೈಲುಗಳ ಹೆಸರಿನ ಬಾಲ ನೋಡಿ: ಮೊದಲು ಎಎ, ಆಮೇಲೆ ಎಎಎಕ್ಸ್, ಈಗ ಎಎಎಕ್ಸ್‌ಸಿ. ಹೆಸರು ಕೇಳಿದರೆ ಏನೋ ಮಹಾ ವಿದ್ಯೆ ಅನ್ನಿಸುತ್ತದೆ. ಎಎಎಕ್ಸ್‌ನ ಒಳಗಿರುವುದೇನು? ಎಎಸಿ ಎಂಬ ಮಾಮೂಲಿ ಧ್ವನಿ. ಅದನ್ನು ಇಟ್ಟಿರುವುದು ಎಂಪಿ4 ಎಂಬ ಮಾಮೂಲಿ ಡಬ್ಬಿಯಲ್ಲಿ. ನಿಮ್ಮ ಫೋನಿನಲ್ಲಿ ತೆಗೆಯುವ ವಿಡಿಯೋದ ಡಬ್ಬಿಯೂ ಅದೇ ಜಾತಿಯದು. ಅವರದ್ದು ಎಂದು ಇರುವುದು ಒಂದೇ, ಮೇಲೆ ಜಡಿದ ಬೀಗ. ಡಿಆರ್‌ಎಂ ಎನ್ನುವುದು ಈ ಬೀಗವನ್ನೇ. ಎಎಎಕ್ಸ್‌ನಲ್ಲಿ ಕೀಲಿ ನಿಮ್ಮ ಖಾತೆಗೆ ಕಟ್ಟಿರುತ್ತದೆ. ಎಎಎಕ್ಸ್‌ಸಿಯಲ್ಲಿ ಒಂದೊಂದು ಪುಸ್ತಕಕ್ಕೂ ಒಂದೊಂದು ಕೀಲಿ.

ಬೀಗ ತೆಗೆದರೆ ಒಳಗಿನ ಧ್ವನಿಯನ್ನು ಮುಟ್ಟದೆ ಹಾಗೇ ಎಂ4ಬಿ ಎಂಬ ಡಬ್ಬಿಗೆ ಹಾಕಬಹುದು. ಅಧ್ಯಾಯಗಳ ಗುರುತು ಹಾಗೇ ಉಳಿಯುತ್ತದೆ, ಓದಿದವರ ದನಿಯಲ್ಲಿ ಎಳ್ಳಷ್ಟೂ ವ್ಯತ್ಯಾಸವಾಗುವುದಿಲ್ಲ. ಎಂಪಿ3 ಮಾಡಿದರೆ ಧ್ವನಿಯನ್ನು ಮತ್ತೊಮ್ಮೆ ಹಿಂಡಬೇಕು. ಒಂದಿಷ್ಟು ರಸ ಸೋರುತ್ತದೆ, ಮಾತಿನ ಪುಸ್ತಕಕ್ಕೆ ಅದು ಕಿವಿಗೆ ಗೊತ್ತಾಗುವಷ್ಟಲ್ಲ. ಲಾಭವೇನೆಂದರೆ ಎಂಪಿ3 ನುಡಿಯದ ಯಂತ್ರವೇ ಭೂಮಿಯ ಮೇಲಿಲ್ಲ. ಅದರ ಪೇಟೆಂಟು ವಸೂಲಿಯೂ 2017ರಲ್ಲಿ ನಿಂತಿತು, ಈಗ ಅದು ಯಾರ ಅಪ್ಪನ ಸ್ವತ್ತೂ ಅಲ್ಲ. 64 ಕೆಬಿಪಿಎಸ್‌ನಲ್ಲಿ ಮಾಡಿದರೆ ಗಂಟೆಗೆ ಸುಮಾರು 29 ಎಂಬಿ. ಹತ್ತು ಗಂಟೆಯ ಕಾದಂಬರಿಗೆ 290 ಎಂಬಿ. 8 ಜಿಬಿಯ ಬಡಪಾಯಿ ಮೆಮೊರಿ ಕಾರ್ಡಿನಲ್ಲಿ 250 ಗಂಟೆಗೂ ಹೆಚ್ಚು ಕನ್ನಡ ಹಿಡಿಯುತ್ತದೆ. ಒಂದು ಸಣ್ಣ ಲೈಬ್ರರಿಯೇ ಸರಿ.

‘ಆ್ಯಪ್‌ನಲ್ಲೇ ಡೌನ್‌ಲೋಡ್ ಮಾಡಿಕೊಂಡು ನೆಟ್ ಇಲ್ಲದೆ ಕೇಳಬಹುದಲ್ಲ, ನಿನಗೇನು ಕಷ್ಟ?’ ಎಂದು ಬೆಂಗಳೂರಿನ ಜಾಣರು ಕೇಳುತ್ತಾರೆ. ಇವರಿಗೆ ಊರೆಂದರೆ ಇಂದಿರಾನಗರ, ಜನರೆಂದರೆ ಹೊಸ ಫೋನ್ ಇರುವವರು. ಅವರನ್ನು ನಾಲ್ಕು ತಾಲ್ಲೂಕು ಸುತ್ತಿಸಿಕೊಂಡು ಬರೋಣ ಬನ್ನಿ.

ಕೈ ಖಾಲಿ ಇಲ್ಲದವರ ಕಿವಿ

ಶಿಡ್ಲಘಟ್ಟ. ರೇಷ್ಮೆಗೂಡಿನ ದೊಡ್ಡ ಮಾರುಕಟ್ಟೆ, ಮನೆ ಮನೆಯಲ್ಲೂ ನೂಲು ಬಿಚ್ಚುವ ಘಟಕ. ಕುದಿನೀರಿನಲ್ಲಿ ಗೂಡು, ನೀರಿನಲ್ಲಿ ಕೈ, ಮುಖಕ್ಕೆ ಹಬೆ. ಒಂದು ಎಳೆ ತಪ್ಪಿದರೆ ಮತ್ತೆ ಹುಡುಕಿ ಸೇರಿಸಬೇಕು. ಆ ಕೈಗೆ ಪುಸ್ತಕದ ಹಾಳೆ ತಿರುವಲು ಬಿಡುವಿದೆಯೇ? ನುಣ್ಣನೆಯ ಗಾಜಿನ ಫೋನನ್ನು ಒದ್ದೆ ಬೆರಳಿನಿಂದ ತೀಡಲು ಸಾಧ್ಯವೇ? ಸುತ್ತಲ ಹಳ್ಳಿಗಳ ಹುಳುಮನೆಗಳಲ್ಲಿ ಹಿಪ್ಪುನೇರಳೆ ಸೊಪ್ಪು ಕತ್ತರಿಸಿ, ಹೊತ್ತುಹೊತ್ತಿಗೆ ಹುಳುವಿಗೆ ಹಾಕುವ ಹೆಣ್ಣುಮಕ್ಕಳದೂ ಇದೇ ಕಥೆ. ಕೈ ಖಾಲಿ ಇಲ್ಲ, ಕಿವಿ ಮಾತ್ರ ಖಾಲಿ. ಆಡಿಯೋ ಪುಸ್ತಕ ಎಂಬುದು ಈ ನಾಡಿನಲ್ಲಿ ಯಾರಿಗಾದರೂ ನಿಜವಾಗಿ ಬೇಕಾಗಿದ್ದರೆ ಇವರಿಗೆ. ಇವರ ಹತ್ತಿರ ಇರುವುದು ಗುಂಡಿಯ ಫೋನು, ಎಫ್‌ಎಂ, ಒಂದು ಮೆಮೊರಿ ಕಾರ್ಡು. ಬಜಾರಿನ ಮೊಬೈಲ್ ಅಂಗಡಿಯಲ್ಲಿ ಇಪ್ಪತ್ತು ಮೂವತ್ತು ರೂಪಾಯಿಗೆ ಕಾರ್ಡು ತುಂಬಾ ಹಾಡು ತುಂಬಿಸಿಕೊಂಡು ಬೆಳೆದ ತಲೆಮಾರು ಇದು. ಎಂಪಿ3 ಕೊಟ್ಟರೆ ಕೇಳುತ್ತಾರೆ. ‘ಆ್ಯಪ್ ಹಾಕಿಕೊಳ್ಳಿ, ಇ-ಮೇಲ್ ಕೊಡಿ, ಕ್ರೆಡಿಟ್ ಕಾರ್ಡ್ ಸಂಖ್ಯೆ ಕೊಡಿ’ ಅಂದರೆ ಮತ್ತೆ ಎಫ್‌ಎಂ ಹಚ್ಚುತ್ತಾರೆ.

ಚಿಂತಾಮಣಿಗೆ ಬನ್ನಿ. ಗಡಿ ಕೂಗಳತೆಯಲ್ಲಿದೆ. ಹೋಟೆಲಿನಲ್ಲಿ ಟೀ ಹೀರುತ್ತಾ ಕೂತರೆ ಕಿವಿಗೆ ಬೀಳುವುದು ಹೆಚ್ಚಾಗಿ ತೆಲುಗು. ಟ್ರ್ಯಾಕ್ಟರಿನಲ್ಲಿ ತೆಲುಗು, ಆಟೋದಲ್ಲಿ ತೆಲುಗು. ತೆಲುಗಿನ ಮೇಲೆ ನಮಗೆ ಸಿಟ್ಟಿಲ್ಲ. ಇದೇ ತಾಲ್ಲೂಕಿನ ಕೈವಾರದ ತಾತಯ್ಯನವರು ತೆಲುಗಿನಲ್ಲೂ ಹಾಡಿದರು, ಕನ್ನಡದಲ್ಲೂ ಹಾಡಿದರು. ಜನ ಎರಡನ್ನೂ ಹೊತ್ತುಕೊಂಡು ಇಲ್ಲಿಯವರೆಗೆ ತಂದಿದ್ದಾರೆ. ನಮ್ಮ ಸಿಟ್ಟು ಬೇರೆ. ಟ್ರ್ಯಾಕ್ಟರಿನ ಸ್ಟೀರಿಯೋಗೆ ಸುಲಭವಾಗಿ ಸಿಗುವುದು ಯಾವುದೋ ಅದೇ ಅಲ್ಲಿ ಮೊಳಗುತ್ತದೆ. ಸಿನಿಮಾ ಹಾಡು ಪೆನ್‌ಡ್ರೈವಿಗೆ ಬರುತ್ತದೆ. ಕನ್ನಡದ ಕಥೆ, ಕಾದಂಬರಿ, ಚರಿತ್ರೆ ಬೀಗ ಹಾಕಿಕೊಂಡು ಆ್ಯಪ್‌ನೊಳಗೆ ಮಡಿ ಉಟ್ಟು ಕೂತಿರುತ್ತದೆ. ಗಡಿಯಲ್ಲಿ ಕನ್ನಡ ಸೊರಗಿತು ಎಂದು ನವೆಂಬರಿನಲ್ಲಿ ವೇದಿಕೆ ಹತ್ತಿ ಎದೆ ಬಡಿದುಕೊಳ್ಳುವ ಮಹಾಶಯರೇ, ಗಡಿಯ ಟ್ರ್ಯಾಕ್ಟರಿನೊಳಗೆ ಕನ್ನಡ ಹೋಗುವ ದಾರಿಗೆ ಅಡ್ಡಲಾಗಿ ಬೀಗ ಜಡಿದವರು ಯಾರು ಎಂದು ಒಮ್ಮೆಯಾದರೂ ಕೇಳಿದ್ದೀರಾ?

ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರು ಹುಟ್ಟು ಪ್ರಶ್ನೆಗಾರರು. ಯಾರು ಹೇಳಿದರೂ ಪ್ರಶ್ನಿಸದೆ ಒಪ್ಪಬೇಡಿ ಎಂದು ಜೀವಮಾನವೆಲ್ಲ ಹೇಳಿಕೊಂಡು ಬಂದರು. ಅವರ ಆತ್ಮಕಥೆ ‘ಹೋರಾಟದ ಹಾದಿ’. ಅದೇ ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಸ್ವಾತಂತ್ರ್ಯ ಕೇಳಿದ ಜನರ ಮೇಲೆ ಗುಂಡು ಹಾರಿತು. ಈ ನೆನಪುಗಳು ಹೊಲದಲ್ಲಿ ಮೆಕ್ಕೆಜೋಳ ಮುರಿಯುವವನ ಕಿವಿಗೂ ಬೀಳಬೇಕು. ಅವನು ಕೇಳುವ ಯಂತ್ರ ಯಾವುದಿರಬೇಕು ಎಂದು ತೀರ್ಮಾನಿಸುವ ಹಕ್ಕು ದೂರದ ಯಾವುದೋ ಕಂಪನಿಗೆ ಯಾಕಿರಬೇಕು?

ಕನ್ನಡಕ್ಕೆ ಬಾಗಿಲೇ ಇರಲಿಲ್ಲ

ಇನ್ನೊಂದು ನೆನಪಿಸಬೇಕು, ಏಕೆಂದರೆ ನಾವು ಬೇಗ ಮರೆಯುವ ಜನ. 2016ರ ಕೊನೆಗೆ ಅಮೆಜಾನ್ ತನ್ನ ಕಿಂಡಲ್‌ಗೆ ಭಾರತೀಯ ಭಾಷೆಗಳ ಪುಸ್ತಕ ತಂದಿತು. ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ. ಐದು ಭಾಷೆ. ಕನ್ನಡ? ಇಲ್ಲ! ಬೆಂಗಳೂರಿನ ನೆಲದಲ್ಲಿ ಸಾವಿರಾರು ಜನರ ಕಚೇರಿ ಕಟ್ಟಿಕೊಂಡು, ಇಲ್ಲಿಯ ನೀರು ಕುಡಿದು, ಇಲ್ಲಿಯ ಕರೆಂಟು ಉರಿಸುವ ಕಂಪನಿಗೆ ಪುಸ್ತಕದ ಪಟ್ಟಿ ಮಾಡುವಾಗ ಇಲ್ಲಿಯ ಭಾಷೆ ನೆನಪಾಗಲಿಲ್ಲ. ಬೇರೆ ಭಾಷೆಯವರು ಬೀಗದ ಬಗ್ಗೆ ಜಗಳವಾಡುವ ಹೊತ್ತಿಗೆ ನಾವು ಬಾಗಿಲು ಎಲ್ಲಿದೆ ಎಂದು ಹುಡುಕುತ್ತಿದ್ದೆವು.

ಆ ಮೇಲೆ ನಮ್ಮವರೇ ಬಾಗಿಲು ಮಾಡಿಕೊಂಡರು. ಮೈಲ್ಯಾಂಗ್‌ನಂಥ ಕನ್ನಡದ್ದೇ ಅಂಗಡಿ ಬಂತು, ಇ-ಪುಸ್ತಕ, ಆಡಿಯೋ ಪುಸ್ತಕ ಎರಡನ್ನೂ ಮಾರಿತು. ಸ್ವೀಡನ್ನಿನ ಸ್ಟೋರಿಟೆಲ್ 2017ರಲ್ಲಿ ಭಾರತಕ್ಕೆ ಬಂದು ಚಂದಾ ಪದ್ಧತಿಯಲ್ಲಿ ಕೇಳಿಸತೊಡಗಿತು, ಮುಂದೆ ಕನ್ನಡವನ್ನೂ ಸೇರಿಸಿಕೊಂಡಿತು. ಕನ್ನಡದ ಒಳ್ಳೆಯ ದನಿಗಳಿಗೆ ಕೆಲಸ ಸಿಕ್ಕಿತು. ಸಂತೋಷ, ನೂರು ಸಲ ಸಂತೋಷ. ಚಂದಾ ಕಟ್ಟಿ ಕೇಳುವುದು ಬಾಡಿಗೆ ಸೈಕಲ್ಲಿನಂತೆ. ಅದನ್ನು ಮನೆಗೆ ಒಯ್ದು ಬಣ್ಣ ಬಳಿಯುತ್ತೇನೆ ಎನ್ನುವುದು ನ್ಯಾಯವಲ್ಲ, ಅದನ್ನು ನಾವು ಕೇಳುತ್ತಲೂ ಇಲ್ಲ. ನಮ್ಮ ತಕರಾರು ‘ಕೊಳ್ಳಿ’ ಎಂಬ ಗುಂಡಿ ಒತ್ತಿಸಿ, ಪೂರಾ ಬೆಲೆ ಕಿತ್ತುಕೊಂಡು, ಆಮೇಲೆ ‘ನಾವು ಮಾರಿಲ್ಲ, ಪರವಾನಗಿ ಕೊಟ್ಟಿದ್ದೇವೆ ಅಷ್ಟೆ’ ಎನ್ನುವವರ ಮೇಲೆ. ಈ ಕಪಟ ಎಷ್ಟು ಮಿತಿಮೀರಿದೆ ಎಂದರೆ, ಇಂಥ ಕಂಪನಿಗಳ ತವರಾದ ಕ್ಯಾಲಿಫೋರ್ನಿಯವೇ ಕಾನೂನು ಮಾಡಬೇಕಾಯಿತು: ಕೊಡುತ್ತಿರುವುದು ಪರವಾನಗಿ ಮಾತ್ರ ಎಂದು ಸ್ಪಷ್ಟವಾಗಿ ತಿಳಿಸದೆ ‘ಕೊಳ್ಳಿ’ ಎಂಬ ಮಾತು ಬಳಸಕೂಡದು ಎಂದು. 2025ರ ಜನವರಿ 1ರಿಂದ ಅಲ್ಲಿ ಅದು ಜಾರಿಯಲ್ಲಿದೆ.

ಪರವಾನಗಿ ಎಂದರೆ ಏನು ಎಂಬುದಕ್ಕೆ ಉದಾಹರಣೆ ಬೇಕೆ? 2009ರ ಜುಲೈನಲ್ಲಿ ಅಮೆಜಾನ್ ತನ್ನ ಗಿರಾಕಿಗಳ ಕಿಂಡಲ್‌ಗಳೊಳಗೆ ದೂರದಿಂದಲೇ ಕೈ ಹಾಕಿ ಕೊಂಡ ಪುಸ್ತಕ ಅಳಿಸಿಹಾಕಿತು. ಯಾವ ಪುಸ್ತಕ ಅಂತೀರಿ? ಜಾರ್ಜ್ ಆರ್ವೆಲ್‌ನ ‘1984’! ಸರ್ವಾಧಿಕಾರಿ ಪ್ರಭುತ್ವ ಹಳೆಯ ದಾಖಲೆಗಳನ್ನೆಲ್ಲ ಅಳಿಸುವ ಕಥೆ. (ಇಂಥ ವ್ಯಂಗ್ಯವನ್ನು ಯಾವ ಕಥೆಗಾರ ಬರೆದರೂ ಸಂಪಾದಕರು ‘ಸ್ವಲ್ಪ ಅತಿಯಾಯಿತು’ ಎಂದು ಹೊಡೆದು ಹಾಕುತ್ತಿದ್ದರು.) ದುಡ್ಡು ವಾಪಸ್ ಕೊಟ್ಟರು, ಕ್ಷಮೆ ಕೇಳಿದರು, ಸರಿ. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದಂಗಡಿ ಮುಚ್ಚಿತು, ಜನ ಕೊಂಡಿದ್ದ ಪುಸ್ತಕಗಳೂ ಅಂಗಡಿಯ ಜೊತೆ ಹೋದವು. ಅವರೂ ದುಡ್ಡು ಕೊಟ್ಟರು. ಪುಸ್ತಕದಂಗಡಿ ಮುಚ್ಚಿದರೆ ನಮ್ಮ ಮನೆಯ ಕಪಾಟಿನಲ್ಲಿರುವ ಪುಸ್ತಕವೂ ಎದ್ದು ಹೋಗುವ ವಿಚಿತ್ರವನ್ನು ನಮ್ಮ ಅಜ್ಜಂದಿರು ಕಂಡಿದ್ದರೇ? 2025ರ ಫೆಬ್ರವರಿ 26ರಿಂದ ಕಿಂಡಲ್ ಪುಸ್ತಕವನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಕೇಬಲ್ಲಿನಲ್ಲಿ ಸಾಗಿಸುವ ದಾರಿಯನ್ನೂ ಮುಚ್ಚಿದರು. ವರ್ಷ ವರ್ಷಕ್ಕೂ ಕುಣಿಕೆ ಬಿಗಿಯಾಗುತ್ತಿದೆ, ಸಡಿಲವಾಗುತ್ತಿಲ್ಲ.

ನಮಗಿದು ಹೊಸ ಗಾಯವಲ್ಲ

ಕನ್ನಡದ ಹುಡುಗರೇ, ಈ ಬೀಗದ ರುಚಿ ನಮ್ಮ ಭಾಷೆಗೆ ಮೊದಲೇ ಗೊತ್ತು. 1990ರ ದಶಕದಲ್ಲಿ ಕನ್ನಡ ಡಿಟಿಪಿ ಶುರುವಾದಾಗ ಏನಾಯಿತು? ಕಂಪನಿಗೊಂದು ಸಂಕೇತ. ಒಬ್ಬನ ‘ಅ’ ಇನ್ನೊಬ್ಬನಲ್ಲಿ ಪ್ರಶ್ನಾರ್ಥಕ ಚಿಹ್ನೆ. ತಂತ್ರಾಂಶ ಓಡಬೇಕಾದರೆ ಕಂಪ್ಯೂಟರಿನ ಬೆನ್ನಿಗೆ ಡಾಂಗಲ್ ಎಂಬ ಪುಟ್ಟ ಬೀಗ ಸಿಕ್ಕಿಸಬೇಕು. ಡಾಂಗಲ್ ಕಳೆದರೆ, ಕಂಪ್ಯೂಟರು ಹಳತಾದರೆ, ಕಂಪನಿ ಕೈ ಚೆಲ್ಲಿದರೆ ಫೈಲಿನೊಳಗಿನ ಕನ್ನಡ ಫೈಲಿನೊಳಗೇ ಸಮಾಧಿ. ಹಾಗೆ ಸಮಾಧಿಯಾದ ಪುಸ್ತಕಗಳನ್ನು ಪ್ರಕಾಶಕರು ಮತ್ತೆ ಮೊದಲಿನಿಂದ ಟೈಪು ಮಾಡಿಸಿ ಅಚ್ಚು ಹಾಕಿಸಿದ್ದಾರೆ. ಕನ್ನಡ ಗಣಕ ಪರಿಷತ್ತಿನ ‘ನುಡಿ’, ಅದಕ್ಕೂ ಮೊದಲು 1998ರಲ್ಲಿ ಬಂದ ‘ಬರಹ’, ಕೊನೆಗೆ ಯೂನಿಕೋಡ್, ಇಷ್ಟೆಲ್ಲ ಆದ ಮೇಲೆ ಕನ್ನಡ ಒಂದು ಯಂತ್ರದಿಂದ ಇನ್ನೊಂದಕ್ಕೆ ಸಲೀಸಾಗಿ ಹೋಗುವಂತಾಯಿತು. ಹಳೆಯ ಸಂಕೇತದಿಂದ ಯೂನಿಕೋಡಿಗೆ ಪರಿವರ್ತಿಸುವ ಸಲಕರಣೆಗಳನ್ನು ಕಾಸು ಕೇಳದೆ ಮಾಡಿಕೊಟ್ಟ ನಮ್ಮ ಹುಡುಗರನ್ನು ಯಾರಾದರೂ ಕಳ್ಳರು ಅಂದರೇ? ಅಂದರೆ ನಾಲಿಗೆ ಸೀಳುತ್ತಿದ್ದೆವು. ಒಂದು ಡಬ್ಬಿಯಲ್ಲಿ ಕೊಳೆಯುತ್ತಿದ್ದ ಕನ್ನಡವನ್ನು ಇನ್ನೊಂದು ಡಬ್ಬಿಗೆ ಸುರಿದವರು ಅವರು. ಕೊಂಡ ಆಡಿಯೋ ಪುಸ್ತಕವನ್ನು ಎಂಪಿ3 ಮಾಡಿಕೊಳ್ಳುವವನು ಮಾಡುವುದೂ ಅದನ್ನೇ.

ಧ್ವನಿಯ ಕಥೆಯೂ ಹಾಗೇ. ನಮ್ಮ ನೆರೆಯ ದೇವನಹಳ್ಳಿಯ ನಿಸಾರ್ ಅಹಮದರ ‘ನಿತ್ಯೋತ್ಸವ’ 1978ರಲ್ಲಿ ಕ್ಯಾಸೆಟ್ಟಾಗಿ ಬಂತು. ಕವಿತೆ ಪುಸ್ತಕದಿಂದ ಇಳಿದು ಮದುವೆ ಮನೆಗೆ, ಹೋಟೆಲಿಗೆ, ಬಸ್ಸಿಗೆ ಬಂತು. ಯಾಕೆ ಬಂತು? ಯಾವ ಕಂಪನಿಯ ಟೇಪ್‌ರೆಕಾರ್ಡರಿಗೆ ಹಾಕಿದರೂ ಕ್ಯಾಸೆಟ್ಟು ತಿರುಗುತ್ತಿತ್ತು. ‘ಈ ಭಾವಗೀತೆ ನಮ್ಮ ಟೇಪ್‌ರೆಕಾರ್ಡರಿನಲ್ಲಿ ಮಾತ್ರ ಹಾಡುತ್ತದೆ’ ಎಂಬ ಷರತ್ತಿದ್ದಿದ್ದರೆ ಸುಗಮ ಸಂಗೀತ ಎಂಬುದು ಬಸವನಗುಡಿ ದಾಟುತ್ತಿರಲಿಲ್ಲ.

ಕಾಲದ ಲೆಕ್ಕವನ್ನೂ ಹಾಕಿ. ನಮ್ಮ ಕಾಯ್ದೆ ಪ್ರಕಾರ ಲೇಖಕ ತೀರಿಕೊಂಡ ಮರುವರ್ಷದಿಂದ 60 ವರ್ಷ ಕೃತಿಯ ಮೇಲೆ ಹಕ್ಕು. ಹಳೆಯ ಕೋಲಾರ ಜಿಲ್ಲೆಯವರೇ ಆದ ಡಿ.ವಿ.ಜಿ. ತೀರಿಕೊಂಡದ್ದು 1975ರಲ್ಲಿ. 2036ರ ಜನವರಿ 1ಕ್ಕೆ ಅವರು ಬರೆದದ್ದು ನಾಡಿನ ಸ್ವತ್ತು. ಮಾಸ್ತಿಯವರು 1986, ಅವರದು 2047ಕ್ಕೆ. ಧ್ವನಿಮುದ್ರಣಕ್ಕೆ ಪ್ರತ್ಯೇಕ ಲೆಕ್ಕ: 2020ರಲ್ಲಿ ಹೊರಬಂದದ್ದರ ಹಕ್ಕು 2080ರ ಕೊನೆಯವರೆಗೆ. ಸರಿ, ಕಾಯೋಣ. ಆದರೆ ಬೀಗಕ್ಕೆ ಕ್ಯಾಲೆಂಡರ್ ಓದಲು ಬರುತ್ತದೆಯೇ? ಕಾನೂನಿನ ಹಕ್ಕು ಮುಗಿದ ದಿನ ಬೀಗ ತಾನಾಗಿ ಕಳಚಿಕೊಳ್ಳುವುದಿಲ್ಲ. 2081ರಲ್ಲಿ ಇಂದಿನ ಆ್ಯಪ್ ಇರುತ್ತದೆಯೇ? ಆ ಕಂಪನಿಯ ಕಂಪ್ಯೂಟರು ಕೀಲಿ ಕೊಡಲು ಕೂತಿರುತ್ತದೆಯೇ? ಅಂದಿನ ಮಕ್ಕಳಿಗೆ ಉಳಿಯುವುದು ಯಾರೋ ಇಂದು ತೆರೆದ ಡಬ್ಬಿಗೆ ಸುರಿದಿಟ್ಟದ್ದು ಮಾತ್ರ.

ಕಾನೂನು ಹೇಳುವುದೇನು, ಕಂಪನಿ ಹೆದರಿಸುವುದೇನು

ಈಗ ಬೆದರುಬೊಂಬೆಯ ಹತ್ತಿರ ಹೋಗೋಣ. ‘ಬೀಗ ಮುಟ್ಟಿದರೆ ಜೈಲು’ ಎಂಬ ಮಾತು ಅಂತರ್ಜಾಲದಲ್ಲೆಲ್ಲ ಹರಿದಾಡುತ್ತದೆ. ಅದು ಅಮೆರಿಕದ ಕಾನೂನು. ಅಲ್ಲಿ 1998ರ ಡಿಎಂಸಿಎ ಎಂಬ ಕಾಯ್ದೆಯ ಪ್ರಕಾರ ಬೀಗ ಒಡೆಯುವುದೇ ನಿಷಿದ್ಧ, ಮೂರು ವರ್ಷಕ್ಕೊಮ್ಮೆ ಕೆಲವಕ್ಕೆ ವಿನಾಯಿತಿ ಕೊಡುತ್ತಾರೆ. ನಮ್ಮ ಕಾನೂನು ಹಾಗಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಿದ್ದುಪಡಿಯಾಯಿತು, ಆ ವರ್ಷದ ಜೂನ್ 21ರಿಂದ ಜಾರಿ. ಅದರಲ್ಲಿ 65ಎ ಎಂಬ ಕಲಂ ಸೇರಿತು. ಕೃತಿಯ ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಬೀಗ ಒಡೆದವನಿಗೆ ಎರಡು ವರ್ಷದವರೆಗೆ ಸೆರೆ, ಜೊತೆಗೆ ದಂಡ. ‘ಉದ್ದೇಶದಿಂದ’ ಎಂಬ ಮಾತನ್ನು ಕೆಂಪು ಶಾಯಿಯಲ್ಲಿ ಗೆರೆ ಎಳೆದುಕೊಳ್ಳಿ. ಕಾಯ್ದೆ ನಿಷೇಧಿಸದ ಕೆಲಸಕ್ಕಾಗಿ ಮಾಡಿದರೆ ಈ ಕಲಂ ಅಡ್ಡ ಬರುವುದಿಲ್ಲ ಎಂದು ಅದರ ಎರಡನೆಯ ಉಪಕಲಂ ಬಿಡಿಸಿ ಹೇಳುತ್ತದೆ. ಇತ್ತ 52ನೆಯ ಕಲಂ ಖಾಸಗಿ ಅಥವಾ ಸ್ವಂತ ಬಳಕೆಗಾಗಿ ನ್ಯಾಯಸಮ್ಮತವಾಗಿ ಬಳಸುವುದು ಉಲ್ಲಂಘನೆಯಲ್ಲ ಎನ್ನುತ್ತದೆ.

ಇಡೀ ಪುಸ್ತಕದ ನಕಲು ‘ನ್ಯಾಯಸಮ್ಮತ ಬಳಕೆ’ಯೊಳಗೆ ಬರುತ್ತದೋ ಎಂದು ಕರಿಕೋಟಿನವರು ವಾದಿಸಬಹುದು, ವಾದಿಸಲಿ. ನಮ್ಮ ಮಾತು ಇಷ್ಟೇ: ದುಡ್ಡು ಕೊಟ್ಟು ಕೊಂಡವನು, ತನ್ನದೇ ಕಿವಿಗಾಗಿ, ತನ್ನದೇ ಇನ್ನೊಂದು ಯಂತ್ರಕ್ಕೆ ಸಾಗಿಸಿಕೊಂಡರೆ ಲೇಖಕರ ಒಂದು ಕಾಸೂ ಕಳೆಯುವುದಿಲ್ಲ. ಕಂಪನಿ ಮುನಿಸಿಕೊಂಡು ನಿಮ್ಮ ಖಾತೆ ಮುಚ್ಚಬಹುದು. ಆ ಅಪಾಯ ನಿಜವೇ, ಮುಚ್ಚಿಡುವುದಿಲ್ಲ. ಆದರೆ ಅದು ಕರಾರಿನ ಜಗಳ. ಕಳ್ಳತನದ ಪಟ್ಟ ಕಟ್ಟಲು ಅವರ್ಯಾರು?

ಕರಾರಿನ ಮಾತು ಬಂತಲ್ಲ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ‘ಅನ್ಯಾಯದ ಕರಾರು’ ಎಂಬುದನ್ನು ಹೆಸರಿಟ್ಟು ಗುರುತಿಸಿದೆ. ತಕ್ಕ ಕಾರಣವಿಲ್ಲದೆ ಒಂದೇ ಕಡೆಯವರು ರದ್ದು ಮಾಡುವ ಅಧಿಕಾರ ಇಟ್ಟುಕೊಂಡ ಕರಾರು ಅದರಲ್ಲಿ ಒಂದು. ಆದರೆ ಅಂಥ ದೂರನ್ನು ಚಿಕ್ಕಬಳ್ಳಾಪುರದ ಜಿಲ್ಲಾ ಆಯೋಗದಲ್ಲಿ ಹಾಕುವಂತಿಲ್ಲ. ರಾಜ್ಯ ಆಯೋಗಕ್ಕೇ ಹೋಗಬೇಕು, ಅಂದರೆ ಬೆಂಗಳೂರಿಗೆ. ಮುನ್ನೂರು ರೂಪಾಯಿಯ ಪುಸ್ತಕಕ್ಕೆ ಶಿಡ್ಲಘಟ್ಟದವನು ಬೆಂಗಳೂರಿಗೆ ಎಷ್ಟು ಸಲ ಬಸ್ಸು ಹತ್ತುತ್ತಾನೆ? ಕಾನೂನು ಕೊಟ್ಟಂತೆಯೂ ಆಯಿತು, ಕೊಡದಂತೆಯೂ ಆಯಿತು. ಬೆಂಗಳೂರಿನಲ್ಲೇ ಇರುವ ನಮ್ಮ ಕನ್ನಡದ ಯುವ ವಕೀಲರು ಇದನ್ನೊಂದು ಕೈ ನೋಡಬಾರದೇ?

ಪ್ರಕಾಶಕರಿಗೆ ಎರಡು ಮಾತು

ನಮ್ಮ ಪ್ರಕಾಶಕರ ಭಯ ನಮಗೆ ಅರ್ಥವಾಗುತ್ತದೆ. ಸಾವಿರ ಪ್ರತಿ ಅಚ್ಚು ಹಾಕಿ, ಮಾರಲು ವರ್ಷಗಟ್ಟಲೆ ಕಾದು ಕೂರುವವರು ಅವರು. ಪುಸ್ತಕ ಬಿಡುಗಡೆಯಾದ ವಾರದಲ್ಲೇ ಅದರ ಪಿಡಿಎಫ್ ವಾಟ್ಸ್ಆ್ಯಪ್ ಗುಂಪುಗಳಲ್ಲಿ ‘ಜ್ಞಾನದಾನ’ ಎಂಬ ಹೆಸರಿನಲ್ಲಿ ಹರಿದಾಡುತ್ತದೆ. ಹಾಗೆ ಹಂಚುವವನು ಕನ್ನಡಪ್ರೇಮಿ ಅಲ್ಲ, ಕನ್ನಡ ಲೇಖಕರ ಜೇಬುಗಳ್ಳ. ಈ ಲೇಖನ ಓದಿ ಯಾರಾದರೂ ಎಂಪಿ3 ಮಾಡಿ ಟೆಲಿಗ್ರಾಂಗೆ ಏರಿಸಿದರೆ ಅವನು ನಮ್ಮವನಲ್ಲ, ನಮ್ಮ ಹೆಸರು ಹೇಳಬೇಡಿ. ಬಾಡಿಗೆ ಸ್ಟುಡಿಯೋದಲ್ಲಿ ಗಂಟಲು ಕಟ್ಟುವವರೆಗೆ ಓದಿದ ಕಲಾವಿದರಿಗೆ ಹೊಟ್ಟೆ ಇದೆ.

ಆದರೆ ಸ್ವಾಮಿ, ಬೀಗ ಕಳ್ಳನನ್ನು ತಡೆದಿದೆಯೇ? ಒಬ್ಬ ಖದೀಮ ಒಂದು ಸಲ ಬೀಗ ಒಡೆದರೆ ಸಾಕು, ಅವನಿಂದ ಪಡೆದ ಸಾವಿರ ಜನ ಬೀಗದ ಮುಖವನ್ನೇ ನೋಡುವುದಿಲ್ಲ. ಬೀಗ ಕಾಣುವುದು ಯಾರಿಗೆ? ನಿಯತ್ತಾಗಿ ದುಡ್ಡು ಕೊಟ್ಟವನಿಗೆ ಮಾತ್ರ. ಸಂಗೀತದವರು ಇದನ್ನು ಬೇಗ ಕಲಿತರು. ಆಪಲ್ಲಿನ ಐಟ್ಯೂನ್ಸ್ 2009ರಲ್ಲೇ ಹಾಡುಗಳ ಮೇಲಿನ ಬೀಗ ತೆಗೆಯಿತು, ಸಂಗೀತದ ವ್ಯಾಪಾರ ಮುಳುಗಲಿಲ್ಲ. 2012ರಲ್ಲಿ ಟಾರ್ ಎಂಬ ದೊಡ್ಡ ಪ್ರಕಾಶನ ತನ್ನ ಇ-ಪುಸ್ತಕಗಳ ಬೀಗ ಕಿತ್ತಿತು. ಅದೇ ವರ್ಷ ಹ್ಯಾರಿ ಪಾಟರ್‌ನ ಒಡತಿ ತನ್ನದೇ ಅಂಗಡಿ ತೆರೆದು, ಬೀಗದ ಬದಲು ಕೊಂಡವನ ಗುರುತನ್ನು ಫೈಲಿನೊಳಗೆ ನೀರಚ್ಚಿನಂತೆ ಇಟ್ಟು ಮಾರಿದಳು. ಎಲ್ಲಿಗೆ ಬೇಕಾದರೂ ಒಯ್ಯಿ, ಬೀದಿಗೆ ಚೆಲ್ಲಿದರೆ ಚೆಲ್ಲಿದವನು ಯಾರೆಂದು ಗೊತ್ತಾಗುತ್ತದೆ. ಇಂಗ್ಲಿಷಿನಲ್ಲಿ ಲಿಬ್ರೊ.ಎಫ್‌ಎಂ ಎಂಬ ಅಂಗಡಿ ಆಡಿಯೋ ಪುಸ್ತಕವನ್ನು ಬೀಗವಿಲ್ಲದೆಯೇ ಮಾರುತ್ತಿದೆ. ಕೋಟಿಗಟ್ಟಲೆ ಮಾರುವವರಿಗೆ ಇಲ್ಲದ ಭಯ ಸಾವಿರ ಪ್ರತಿಯವರಿಗೆ ಯಾಕೆ? ನಮಗೆ ಕಾಡುತ್ತಿರುವುದು ಕಳ್ಳರ ಕಾಟಕ್ಕಿಂತ ಕೇಳುಗರ ಬರ. ಇನ್ನು ಸರ್ಕಾರದ ದುಡ್ಡಿನಲ್ಲಿ, ಅಂದರೆ ನಮ್ಮ ತೆರಿಗೆಯಲ್ಲಿ, ಯಾವ ಇಲಾಖೆಯಾಗಲಿ ಅಕಾಡೆಮಿಯಾಗಲಿ ಪುಸ್ತಕ ಓದಿಸಿ ಧ್ವನಿಮುದ್ರಿಸಿದರೆ ಅದನ್ನು ಎಂಪಿ3ಯಲ್ಲಿ, ಬೀಗವಿಲ್ಲದೆ ಹೊರಗಿಡಬೇಕು. ಇದರಲ್ಲಿ ಚೌಕಾಸಿಗೆ ಜಾಗವೇ ಇಲ್ಲ.

ಕಣ್ಣಿಲ್ಲದವರ ಹಕ್ಕು

ಒಂದು ವಿಚಾರದಲ್ಲಂತೂ ಯಾವ ಕಂಪನಿಯೂ ಬಾಯಿ ತೆರೆಯುವಂತಿಲ್ಲ. ಅಂಧರಿಗೆ, ಪುಸ್ತಕ ಹಿಡಿಯಲಾಗದ ಅಂಗವಿಕಲರಿಗೆ ಕೃತಿಯನ್ನು ಅವರಿಗೆ ಒಗ್ಗುವ ರೂಪಕ್ಕೆ ಪರಿವರ್ತಿಸಿಕೊಡುವುದು ಉಲ್ಲಂಘನೆಯೇ ಅಲ್ಲ ಎಂದು 2012ರ ತಿದ್ದುಪಡಿ 52ನೆಯ ಕಲಮಿನಲ್ಲಿ ಸ್ಪಷ್ಟವಾಗಿ ಬರೆದಿದೆ. 2013ರಲ್ಲಿ ಮರಾಕೇಶ್ ಒಪ್ಪಂದವಾದಾಗ ಅದನ್ನು ಲೋಕದಲ್ಲಿ ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶ ನಮ್ಮದು, 2014ರಲ್ಲಿ. 2016ರ ಆಗಸ್ಟಿನಲ್ಲಿ ಅಂಧರಿಗಾಗಿ ‘ಸುಗಮ್ಯ ಪುಸ್ತಕಾಲಯ’ ತೆರೆಯಿತು. ಬೆಂಗಳೂರಿನ ಮಿತ್ರ ಜ್ಯೋತಿ ಸಂಸ್ಥೆ 1990ರಿಂದ ಅಂಧರಿಗಾಗಿ ದುಡಿಯುತ್ತಾ, ಕನ್ನಡ ಪುಸ್ತಕಗಳನ್ನು ಓದಿಸಿ ಧ್ವನಿಮುದ್ರಿಸಿ ಕೊಡುತ್ತಾ ಬಂದಿದೆ. ಆಡಿಯೋ ಪುಸ್ತಕ ಎಂಬ ಹೆಸರು ಪೇಟೆಗೆ ಬರುವ ಎಷ್ಟೋ ಮೊದಲೇ ಕನ್ನಡದಲ್ಲಿ ಆಡಿಯೋ ಪುಸ್ತಕ ಇತ್ತು ಎಂಬುದನ್ನು ಇಂದಿನ ಆ್ಯಪ್ ಶೂರರು ತಿಳಿದುಕೊಳ್ಳಲಿ. ಅಂಧರು ಬಳಸುವ ಡೈಸಿ ಯಂತ್ರಕ್ಕೆ ಪುಟದಿಂದ ಪುಟಕ್ಕೆ, ಅಧ್ಯಾಯದಿಂದ ಅಧ್ಯಾಯಕ್ಕೆ ಹಾರುವ ಅನುಕೂಲ ಬೇಕು. ಬೀಗ ಹಾಕಿದ ಫೈಲು ಇಂಥ ಎಷ್ಟೋ ಯಂತ್ರಗಳಲ್ಲಿ ನುಡಿಯುವುದಿಲ್ಲ. ಹಾಗಾಗಿ ಇಂಥವರಿಗಾಗಿ ಬೀಗ ತೆಗೆದು ರೂಪ ಬದಲಿಸಿ ಕೊಡುವುದಕ್ಕೆ 65ಎ ಅಡ್ಡಿಯಲ್ಲ.

ಅದಕ್ಕೆ ಕಾಯ್ದೆ ಇಟ್ಟಿರುವ ಒಂದು ಕಟ್ಟಲೆ ನೆನಪಿರಲಿ. ಇನ್ನೊಬ್ಬರಿಗೆ ಬೀಗ ತೆಗೆಯಲು ನೆರವಾದವರು ಪೂರ್ತಿ ದಾಖಲೆ ಇಟ್ಟಿರಬೇಕು. ಇದನ್ನು ಓದುತ್ತಿರುವ ನಮ್ಮ ಸಂಘದ ಹುಡುಗರು ಈ ನಾಲ್ಕೂ ತಾಲ್ಲೂಕಿನಲ್ಲಿ ನಿಮ್ಮ ನಿಮ್ಮ ಊರಿನ ಅರಿವು ಕೇಂದ್ರಕ್ಕೆ, ಅಂದರೆ ಪಂಚಾಯಿತಿ ಲೈಬ್ರರಿಗೆ ಹೋಗಿ. ಕಣ್ಣು ಕಾಣದ ಎಷ್ಟು ಜನ ನಿಮ್ಮ ಊರಿನಲ್ಲಿದ್ದಾರೆ ಎಂದು ಪಟ್ಟಿ ಮಾಡಿ. ಅವರು ಕೊಂಡ, ಅಥವಾ ಅವರಿಗಾಗಿ ನೀವು ಚಂದಾ ಎತ್ತಿ ಕೊಂಡ ಕನ್ನಡ ಪುಸ್ತಕ ಯಾವುದು, ಅವರ ಹತ್ತಿರ ಇರುವ ಯಂತ್ರ ಯಾವುದು ಎಂದು ಕೇಳಿ. ಮೊದಲು ಪ್ರಕಾಶಕರಿಗೇ ಒಂದು ಕಾಗದ ಹಾಕಿ, ಬೀಗವಿಲ್ಲದ ಫೈಲು ಕೊಡುತ್ತೀರಾ ಎಂದು. ಎಷ್ಟೋ ಜನ ಕೊಟ್ಟೇ ಕೊಡುತ್ತಾರೆ, ಕನ್ನಡ ಪ್ರಕಾಶಕರು ಅಷ್ಟು ಕಟುಕರಲ್ಲ. ಕೊಡದಿದ್ದರೆ ಇನ್ನೂರು ಪುಟದ ಒಂದು ರಿಜಿಸ್ಟರು ತನ್ನಿ. ಮೊದಲ ಕಾಲಮ್ಮಿನಲ್ಲಿ ಕೇಳುಗರ ಹೆಸರು, ಎರಡನೆಯದರಲ್ಲಿ ವಿಳಾಸ, ಮೂರನೆಯದರಲ್ಲಿ ಪುಸ್ತಕದ ಹೆಸರು, ಕೊಂಡ ರಸೀದಿಯ ಸಂಖ್ಯೆ. ನಾಲ್ಕನೆಯದರಲ್ಲಿ ಉದ್ದೇಶ. ಅದನ್ನು ಕನ್ನಡದಲ್ಲೇ ಬರೆಯಿರಿ, ಕೆಳಗೆ ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿಕೊಳ್ಳಿ.